ಕುಳಿತ ಮೇಲೆ ಹೇಳಿದ ಕಥೆ

ಇಬ್ನು ಬತೂತರ ‘ರಿಹ್ಲ’ವನ್ನು ನಾವು ಮೊದಲು ಓದಿದ್ದು ಶಾಲೆಯ ದಿನಗಳಲ್ಲಿ, ಉರ್ದು ಸಫರ್‌ನಾಮೆಯಾಗಿ. ಆಗ ನಮಗೆ ಬೇಕಾಗಿದ್ದದ್ದು ಹಡಗು, ಕಡಲ್ಗಳ್ಳರು, ದಿಲ್ಲಿಯ ಮುಹಮ್ಮದ್ ಬಿನ್ ತುಘಲಕನ ಸಿಟ್ಟು. ಕೊನೆಯ ಪುಟಗಳನ್ನು ಓದಿದ ನೆನಪೇ ಇಲ್ಲ. ನಲವತ್ತು ದಾಟಿ, ನಾಲ್ಕಾರು ಊರುಗಳ ಬಾಡಿಗೆ ಮನೆಗಳನ್ನು ಖಾಲಿ ಮಾಡಿ ಒಂದು ಕಡೆ ನಿಂತ ಮೇಲೆ ಮತ್ತೆ ಓದಿದೆವು. ಈ ಸಲ ಅದು ತಿರುಗಾಟ ಮುಗಿಸಿ ಕುಳಿತವರೊಬ್ಬರ ಪುಸ್ತಕವಾಗಿ ಕಂಡಿತು.

ಟ್ಯಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದ ಇಬ್ನು ಬತೂತ 1325ರಲ್ಲಿ ಹಜ್ಜ್‌ಗೆಂದು ಮನೆ ಬಿಟ್ಟರು. ಮೊರಾಕ್ಕೋಗೆ ಮರಳಿದ್ದು 1349ರಲ್ಲಿ. ಆಮೇಲೂ ಕಾಲು ನಿಲ್ಲಲಿಲ್ಲ. ಗ್ರನಾಡಾಕ್ಕೆ, ಸಹಾರಾ ದಾಟಿ ಮಾಲಿಗೆ ಹೋಗಿಬಂದರು. ಕೊನೆಗೆ ಫೆಝ್‌ನಲ್ಲಿ ಸುಲ್ತಾನ ಅಬೂ ಇನಾನ್ ಅವರನ್ನು ಕೂರಿಸಿ, ಕಂಡದ್ದನ್ನೆಲ್ಲ ಹೇಳಿ ಎಂದ. ಬರೆದುಕೊಳ್ಳಲು ಇಬ್ನು ಜುಝೈ ಎಂಬ ಕವಿಯನ್ನು ನೇಮಿಸಿದ. 1355ರಲ್ಲಿ ಪುಸ್ತಕ ಮುಗಿಯಿತು.

ಹೆಚ್ಚಿನದೆಲ್ಲ ನೆನಪಿನಿಂದಲೇ ಬಂದಿರಬೇಕು. ಬುಖಾರಾದ ಗೋರಿಗಳ ಮೇಲಿನ ಬರಹಗಳನ್ನು ಬರೆದಿಟ್ಟುಕೊಂಡಿದ್ದೆ, ಕಡಲಿನಲ್ಲಿ ದರೋಡೆಯಾದಾಗ ಹೋಯಿತು ಎಂದು ಅವರೇ ಹೇಳುತ್ತಾರೆ. ತಾರೀಖುಗಳು ಹೊಂದುವುದಿಲ್ಲ. ದಮಾಸ್ಕಸ್, ಮಕ್ಕಾಗಳ ವರ್ಣನೆಯಲ್ಲಿ ಸುಮಾರು ಭಾಗ ಹಿಂದಿನ ಶತಮಾನಗಳ ಯಾತ್ರಿಕ ಇಬ್ನು ಜುಬೈರರ ಪುಸ್ತಕದಿಂದ ಎತ್ತಿದ್ದು. ಚೀನಾದ ಪುಟಗಳನ್ನು ವಿದ್ವಾಂಸರು ಇಂದಿಗೂ ಅನುಮಾನಿಸುತ್ತಾರೆ. ನಮಗೂ ಆ ಪುಟಗಳು ಸಪ್ಪೆ.

ಆದರೆ ನಮ್ಮ ಕರಾವಳಿಯ ಪುಟಗಳನ್ನು ನೋಡಿ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಮದ್ರಸಾಗಳಿದ್ದವಂತೆ. ಅಲ್ಲಿಯ ಹೆಂಗಸರಿಗೆ ಕುರ್‌ಆನ್ ಬಾಯಿಪಾಠ. ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎನ್ನುತ್ತಾರೆ. ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರು. ಊರವರೊಡನೆ ಜಗಳವಾಗುತ್ತಿತ್ತು, ವರ್ತಕರು ಬೇಕಾದ್ದರಿಂದ ಅರಸ ರಾಜಿ ಮಾಡಿಸುತ್ತಿದ್ದ. ಇಲ್ಲಿ ಅದ್ಭುತವೇನಿಲ್ಲ. ಕಾಝಿಯೊಬ್ಬರು ಊರನ್ನು ನೋಡುವ ಕಣ್ಣಿದೆ, ಅಷ್ಟೆ. ಇಂಥ ಪುಟಗಳಿಗಾಗಿಯೇ ಈ ಪುಸ್ತಕ ಬಾಳುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಅವರು ನೆಲೆ ನಿಲ್ಲಲು ಯತ್ನಿಸಲಿಲ್ಲವೆಂದಲ್ಲ. ದಿಲ್ಲಿಯಲ್ಲಿ ವರ್ಷಗಟ್ಟಲೆ ಕಾಝಿಯಾಗಿದ್ದರು, ಮಾಲ್ದೀವ್ಸ್‌ನಲ್ಲೂ ಕಾಝಿಯಾಗಿ ಮದುವೆಗಳನ್ನು ಮಾಡಿಕೊಂಡರು. ಪುಸ್ತಕ ನಮಗೆ ಒಗ್ಗದೆ ಹೋಗುವುದು ಇಲ್ಲಿಯೇ. ದಮಾಸ್ಕಸ್‌ನಲ್ಲಿ ಗರ್ಭಿಣಿ ಹೆಂಡತಿಯನ್ನು ಬಿಟ್ಟುಹೋಗಿದ್ದ ಅವರು 1348ರಲ್ಲಿ ಅಲ್ಲಿಗೆ ಮರಳಿ ಮಗನ ಬಗ್ಗೆ ವಿಚಾರಿಸುತ್ತಾರೆ. ಮಗು ಸತ್ತು ಹನ್ನೆರಡು ವರ್ಷವಾಗಿರುತ್ತದೆ. ತಂದೆ ತೀರಿ ಹದಿನೈದು ವರ್ಷವಾದ ಸುದ್ದಿಯೂ ಅಲ್ಲಿಯೇ ಸಿಗುತ್ತದೆ. ಮಾಲ್ದೀವ್ಸ್‌ಗೆ ಎರಡನೆಯ ಸಲ ಹೋಗಿ ಎರಡು ವರ್ಷದ ಮಗನನ್ನು ನೋಡುತ್ತಾರೆ, ತಾಯಿಯ ಬಳಿಯೇ ಇರಲಿ ಎಂದು ಬಿಟ್ಟು ಐದು ದಿನಕ್ಕೆ ಹಡಗು ಹತ್ತುತ್ತಾರೆ. ಊರು ಇನ್ನೇನು ಹತ್ತಿರವಾಯಿತೆನ್ನುವಾಗ ತಾಝಾದಲ್ಲಿ, ತಾಯಿ ಪ್ಲೇಗಿಗೆ ತೀರಿದರೆಂದು ತಿಳಿಯುತ್ತದೆ. ಎಲ್ಲವೂ ಒಂದೆರಡು ಸಾಲುಗಳಲ್ಲಿ. ಖ್ವಾರಿಝ್ಮಿನ ಕರಬೂಜ ಹಣ್ಣಿಗೆ ತಾಯಿಗಿಂತ ಹೆಚ್ಚು ಜಾಗ ಸಿಕ್ಕಿದೆ! ದರ್ಬಾರಿಗೆಂದು ಬರೆಸಿದ ಪುಸ್ತಕದಲ್ಲಿ ಮನೆಯ ಮಾತಿಗೆ ಜಾಗವಿರಲಿಲ್ಲ ಎಂದು ಸಮರ್ಥಿಸಬಹುದು. ನಮಗೆ ಅದು ಸಾಲದು.

ನಮ್ಮ ಮಾಮು ಜಿದ್ದಾ, ದಮ್ಮಾಮ್, ಕುವೈತ್ ಎಂದು ಇಪ್ಪತ್ತೇಳು ವರ್ಷ ದುಡಿದು ಬಂದವರು. ಅಲ್ಲಿನ ಬಿಸಿಲು, ಕಫೀಲನ ಜಿಪುಣತನ, ಎಲ್ಲವನ್ನೂ ಸೊಗಸಾಗಿ ಹೇಳುತ್ತಾರೆ. ಮಗಳ ಮುಖ ಮೊದಲು ನೋಡಿದ್ದು ಅವಳಿಗೆ ನಾಲ್ಕು ವರ್ಷವಾದಾಗ ಎಂಬುದನ್ನು ಮಾತ್ರ ಅವರ ಬಾಯಲ್ಲಿ ನಾವು ಕೇಳಿಲ್ಲ, ಮಾಮಿ ಹೇಳಿದ್ದು. ಬಂದ ಹೊಸತರಲ್ಲಿ ಜನ ಸುತ್ತ ಕೂತು ಕೇಳಿದರು. ಈಗ ‘ನಾನು ಅಲ್ಲಿದ್ದಾಗ...’ ಎಂದರೆ ಮೊಮ್ಮಕ್ಕಳು ಎದ್ದು ಹೋಗುತ್ತಾರೆ. ಸಂಬಳ ಕೊಟ್ಟು ಬರೆದುಕೊಳ್ಳುವವನನ್ನು ಕೂರಿಸಲು ಅವರಿಗೆ ಯಾವ ಸುಲ್ತಾನನೂ ಇಲ್ಲ.

ಸುಲ್ತಾನನಿದ್ದರೂ ಫೆಝ್‌ನ ಜನ ನಂಬಲಿಲ್ಲ. ಇಬ್ನು ಖಲ್ದೂನ್ ‘ಮುಕದ್ದಿಮ’ದಲ್ಲಿ ಇದನ್ನು ಬರೆದಿದ್ದಾರೆ. ದಿಲ್ಲಿಯ ಸುದ್ದಿ ಕೇಳಿ ಇದೆಲ್ಲ ಸುಳ್ಳೆಂದು ದರ್ಬಾರಿನಲ್ಲಿ ಪಿಸುಗುಟ್ಟಿದರಂತೆ. ಸ್ವತಃ ಇಬ್ನು ಖಲ್ದೂನರಿಗೂ ಅನುಮಾನ. ಆಗ ವಝೀರನೊಬ್ಬ ಅವರಿಗೆ ಒಂದು ಕಥೆ ಹೇಳಿದ. ತಂದೆಯ ಜೊತೆ ಸೆರೆಮನೆಯಲ್ಲೇ ಬೆಳೆದ ಹುಡುಗನೊಬ್ಬ ಇಲಿಯ ಹೊರತು ಬೇರೆ ಪ್ರಾಣಿ ಕಂಡವನಲ್ಲ. ಕುರಿಯನ್ನು ಎಷ್ಟು ವರ್ಣಿಸಿದರೂ, ಅದು ಇಲಿಯ ಹಾಗಿರುತ್ತದೆಯೇ ಎಂದೇ ಕೇಳುತ್ತಿದ್ದನಂತೆ.

ಪುಸ್ತಕ ಮುಗಿದ ಒಂದೆರಡು ವರ್ಷಗಳಲ್ಲೇ ಇಬ್ನು ಜುಝೈ ತೀರಿಕೊಂಡರು. ಇಬ್ನು ಬತೂತ ಆಮೇಲೂ ಹತ್ತು ವರ್ಷಕ್ಕಿಂತ ಹೆಚ್ಚು ಬದುಕಿದರು. ಆ ವರ್ಷಗಳ ಬಗ್ಗೆ ‘ರಿಹ್ಲ’ದಲ್ಲಿ ಒಂದಕ್ಷರವೂ ಇರುವಂತಿಲ್ಲ. ಮುಂದಿನ ಶತಮಾನದ ಇಬ್ನು ಹಜರ್ ಚುಟುಕಾಗಿ ಬರೆದಿಟ್ಟಿದ್ದಾರೆ: ಅವರು ಯಾವುದೋ ಊರಿನಲ್ಲಿ ಕಾಝಿಯಾಗಿದ್ದರಂತೆ. ಇಷ್ಟು ಊರುಗಳನ್ನು ಹೆಸರಿಟ್ಟು ಹೇಳಿದವರು ಕೊನೆಗೆ ನೆಲೆ ನಿಂತ ಊರಿನ ಹೆಸರನ್ನು ಇಬ್ನು ಹಜರ್ ಬರೆದಿಲ್ಲ.