ಆಳಂದ ಈ ವಾರ ಯಾರ ಕೈಯಲ್ಲಿದೆ?

ಫುಟ್‌ಬಾಲ್ ಸೀಸನ್ನನ್ನು ಅಂಕಪಟ್ಟಿಯಲ್ಲಷ್ಟೇ ನೋಡಿದವರು ಒಮ್ಮೆ ನಕ್ಷೆಯಲ್ಲೂ ನೋಡಬೇಕು. ಅಮೆರಿಕದ ಕಾಲೇಜು ಫುಟ್‌ಬಾಲ್ ಅಭಿಮಾನಿಗಳಲ್ಲಿ ಜನಪ್ರಿಯವಾದ ಪದ್ಧತಿ ಇದು. ಅಲ್ಲಿಯ ಆಟವೇ ಬೇರೆ, ಆದರೆ ನಿಯಮ ನಮ್ಮ ಆಟಕ್ಕೂ ಒಪ್ಪುತ್ತದೆ. ಮೊದಲ ದಿನ ಪ್ರತಿ ಸೀಮೆಯೂ ತನಗೆ ಹತ್ತಿರದ ತಂಡದ ಪಾಲು. ಸೋತವರ ಬಳಿ ಆ ಹೊತ್ತಿಗೆ ಇರುವ ನೆಲವೆಲ್ಲ ಗೆದ್ದವರಿಗೆ. ಡ್ರಾ ಆದರೆ ಗಡಿ ಕದಲದು.

ಇಡೀ ದೇಶವನ್ನು ಒಮ್ಮೆಲೇ ನೋಡಹೋದರೆ ಕಣ್ಣಿಗೆ ಬರೀ ಬಣ್ಣ. ಒಂದು ಮೂಲೆ ಹಿಡಿಯಿರಿ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನೇ ಹಿಡಿಯೋಣ. ಸೀಸನ್ನು 2019-20ರ ಇಂಡಿಯನ್ ಸೂಪರ್ ಲೀಗ್, 10 ತಂಡಗಳದ್ದು. ಕರ್ನಾಟಕದವೆಂದು ಇವನ್ನು ಬೆಂಗಳೂರಿಗೆ ಬರೆದುಬಿಡಬೇಡಿ. ನೇರ ಅಳತೆಗೆ ಬೆಂಗಳೂರು 400 ಕಿ.ಮೀ. ಮೀರುತ್ತದೆ, ಹೈದರಾಬಾದಿನ ಗಚ್ಚಿಬೌಲಿ ಕ್ರೀಡಾಂಗಣ 200ರ ಆಸುಪಾಸು. ಮೂರೂ ಹೈದರಾಬಾದ್ ಎಫ್‌ಸಿಗೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಸೀಮೆ ಬರೀ ದೂರದ ಲೆಕ್ಕದಿಂದ ಮತ್ತೆ ಅದೇ ಬಣ್ಣಕ್ಕೆ ಬಂದು ನಿಲ್ಲುವುದನ್ನು ನೋಡಿದಾಗ ನನಗೆ ರೋಮಾಂಚನವಾಗುತ್ತದೆ.

ಈಗ ದಿನಾಂಕ ಹಿಡಿದು ನಡೆಯಿರಿ. ಅಕ್ಟೋಬರ್ 20ರಂದು ಕೇರಳ ಬ್ಲಾಸ್ಟರ್ಸ್ ಕೋಲ್ಕತ್ತದ ಎಟಿಕೆಯನ್ನು 2-1ರಿಂದ ಸೋಲಿಸಿತು. ಎಟಿಕೆಗೆ ಅಂಗೈಯಗಲ ನೆಲವೂ ಉಳಿಯಲಿಲ್ಲ. 24ರಂದು ಮುಂಬೈ ಸಿಟಿ ಕೇರಳವನ್ನು 1-0ಯಿಂದ ಮಣಿಸಿ ಎರಡೂ ಪಾಲು ಬಾಚಿಕೊಂಡಿತು. ಮರುದಿನವೇ ಬರಿಗೈಯ ಎಟಿಕೆ, ಮೊದಲ ಪಂದ್ಯ ಆಡುತ್ತಿದ್ದ ಹೈದರಾಬಾದನ್ನು 5-0ಯಿಂದ ಬಡಿಯಿತು. ಪಹಣಿಯಲ್ಲಿ ಹೆಸರು ಬದಲಾದ ಹಾಗೆ ಮೂರೂ ತಾಲ್ಲೂಕು ಒಂದೇ ಸಂಜೆಗೆ ಕೋಲ್ಕತ್ತದ ಹೆಸರಿಗೆ.

ನವೆಂಬರ್ 2ರಂದು ಹೈದರಾಬಾದ್ ತವರಿನಲ್ಲಿ ಕೇರಳವನ್ನು 2-1ರಿಂದ ಗೆದ್ದಿತು. ಅಂಕಪಟ್ಟಿಯಲ್ಲಿ ಮೂರು ಅಂಕ; ನಕ್ಷೆಯಲ್ಲಿ ಸೊನ್ನೆ. ಕೇರಳದ ನೆಲ 24ಕ್ಕೇ ಕೈತಪ್ಪಿತ್ತಲ್ಲ! ಗೆಲ್ಲುವುದು ಮಾತ್ರವಲ್ಲ, ಯಾರನ್ನು ಯಾವಾಗ ಗೆಲ್ಲುತ್ತೀರಿ ಎಂಬುದೇ ಇಲ್ಲಿ ಮುಖ್ಯ. ಈ ನಕ್ಷೆಯ ರುಚಿಯೆಲ್ಲ ಅಲ್ಲೇ ಇದೆ.

ತಾಲ್ಲೂಕು ಗಡಿಗಳಿರುವ ಒಂದು ನಕ್ಷೆ, ಪಂದ್ಯಗಳ ಪಟ್ಟಿ, ಬಣ್ಣದ ಪೆನ್ಸಿಲ್ ಇದ್ದರೆ ಸಾಕು. ನವೆಂಬರ್ 2ರಿಂದ ಮುಂದಿನದನ್ನು ನೀವೇ ತುಂಬಿ. ದಿನಾಂಕದ ಕ್ರಮ ಮಾತ್ರ ತಪ್ಪಿಸಬೇಡಿ.