ಒಂದೇ ಮನೆ, ಎರಡು ಮುಖ

ಅಮೆರಿಕದ ಕಂಟ್ರಿ ಗಾಯಕ ವಿಲಿ ನೆಲ್ಸನ್ 1974ರಲ್ಲಿ ಹೊರತಂದ ‘ಫೇಸಸ್ ಅಂಡ್ ಸ್ಟೇಜಸ್’ ಆಲ್ಬಮ್ ಮುರಿದುಬಿದ್ದ ದಾಂಪತ್ಯವೊಂದರ ಕಥೆ. ಎಲ್‌ಪಿಯ ಒಂದು ಮುಖದಲ್ಲಿ ಹೆಂಡತಿಯ ಪಾಡು. ಮಗುಚಿ ಹಾಕಿದರೆ ಗಂಡನದು. ಇಬ್ಬರೂ ಎಲ್ಲಿಯೂ ಎದುರುಬದುರಾಗಿ ಜಗಳಕ್ಕೆ ನಿಲ್ಲುವುದಿಲ್ಲ. ಕಂಟ್ರಿ ಸಂಗೀತದಲ್ಲಿ ಬಿಟ್ಟುಹೋದವಳ ಮೇಲಿನ ಹಾಡುಗಳಿಗೆ ಬರವಿಲ್ಲ. ಆದರೆ ಇಲ್ಲಿ, ಆ ಹೊತ್ತಿಗೆ ಎರಡು ಮದುವೆ ಕಳೆದುಕೊಂಡಿದ್ದ ಗಂಡಸೊಬ್ಬ, ಮೊದಲ ಮಾತನ್ನು ಹೆಂಡತಿಗೇ ಬಿಟ್ಟುಕೊಟ್ಟಿದ್ದಾನೆ. ಈ ಆಲ್ಬಮ್ಮಿನ ದೊಡ್ಡತನ ಇರುವುದು ಅಲ್ಲಿ.

ಹೆಂಡತಿಯ ಮುಖ ಶುರುವಾಗುವುದು ಪಾತ್ರೆ ತೊಳೆಯುವುದರಿಂದ. ಮುಗಿಯದ ಮನೆಗೆಲಸ, ಒಳಗೊಳಗೇ ಕುದಿಯುವ ಅಸಹ್ಯ. ನೆಲ್ಸನ್ ದನಿ ಏರಿಸುವುದಿಲ್ಲ; ಆಕೆ ಹೊಸಿಲು ದಾಟುವಾಗಲೂ ತಣ್ಣಗೆ ಹಾಡುತ್ತಾರೆ. ಆಮೇಲೆ ತವರು. ಅಮ್ಮ ಅವಳನ್ನು ಹಗಲಿಡೀ ಮಲಗಲು ಬಿಡುತ್ತಾಳೆ. ಅದರ ಬೆನ್ನಿಗೇ ಮೂಲೆಯ ಬಿಯರ್ ಅಂಗಡಿಯ ಕುಣಿತ. ದಣಿವು, ನಿದ್ದೆ, ಕುಣಿತ: ಚೇತರಿಸಿಕೊಳ್ಳುವ ಹೆಣ್ಣನ್ನು ಇಷ್ಟು ಕಡಿಮೆ ಮಾತಿನಲ್ಲಿ ಕಟ್ಟಿಕೊಟ್ಟ ಹಾಡು ನಾನು ಕೇಳಿದ್ದು ಕಡಿಮೆ.

ಗಂಡನ ಮುಖ ಅಷ್ಟು ಗಟ್ಟಿಯಿಲ್ಲ. ‘ಬ್ಲಡಿ ಮೇರಿ ಮಾರ್ನಿಂಗ್’ ಮಾತ್ರ ಅದ್ಭುತ. ಬೆಳಗ್ಗೆಯೇ ಕುಡಿದು ಲಾಸ್ ಏಂಜಲೀಸಿನಿಂದ ಹ್ಯೂಸ್ಟನ್ನಿಗೆ ವಿಮಾನ ಹತ್ತಿದವನ ಹಾಡು. ದುಃಖದಿಂದ ತಪ್ಪಿಸಿಕೊಳ್ಳುವವನಂತೆ ಲಯವೇ ಓಡುತ್ತದೆ. ‘ಐ ಸ್ಟಿಲ್ ಕಾಂಟ್ ಬಿಲೀವ್ ಯು ಆರ್ ಗಾನ್’ ಹುಟ್ಟಿದ್ದು ನೆಲ್ಸನ್ ಅವರ ಡ್ರಮ್ಮರ್ ಪಾಲ್ ಇಂಗ್ಲಿಷ್ ಅವರ ಹೆಂಡತಿ ತೀರಿಕೊಂಡಾಗ. ಸಾವಿನ ಆ ಶೋಕವನ್ನು ವಿಚ್ಛೇದನದ ಕಥೆಯೊಳಗೆ ತಂದಿಟ್ಟಾಗ, ಈ ಗಂಡನ ಯೋಗ್ಯತೆಗೆ ಅದು ಭಾರವಾಯಿತು ಅನ್ನಿಸುತ್ತದೆ. ಹಾಡಿಗೆ ಕಣ್ಣು ತುಂಬುತ್ತದೆ, ನಿಜ. ಆದರೆ ತಾನು ಮಾಡಿದ್ದೇನು ಎಂದು ಅವನು ಕೇಳಿಕೊಳ್ಳುವುದು ಸಾಲದು.

ಅಟ್ಲಾಂಟಿಕ್ ಕಂಪನಿಯ ನಿರ್ಮಾಪಕ ಜೆರ್ರಿ ವೆಕ್ಸ್‌ಲರ್ ಈ ಆಲ್ಬಮ್ಮನ್ನು ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನಲ್ಲಿ ಮಾಡಿಸದೆ ಅಲಬಾಮಾದ ಮಸಲ್ ಶೋಲ್ಸ್‌ಗೆ ಒಯ್ದದ್ದು ಸರಿಯಾದ ನಿರ್ಧಾರ. ಸೋಲ್ ಗಾಯಕಿ ಅರೀಥಾ ಫ್ರಾಂಕ್ಲಿನ್‌ಗೆ ನುಡಿಸಿದ್ದ ರೋಜರ್ ಹಾಕಿನ್ಸ್ ಅವರ ಡ್ರಮ್ಸ್, ಡೇವಿಡ್ ಹುಡ್ ಅವರ ಬೇಸ್ ಅಳುವನ್ನು ಹದದಲ್ಲಿ ಹಿಡಿದಿವೆ. ಜಾನಿ ಗಿಂಬಲ್ ಅವರ ಪಿಟೀಲಿಗೆ ಉಸಿರಾಡಲು ಜಾಗ ಸಿಕ್ಕಿದೆ.

ಈಗ ಫೋನಿನಲ್ಲಿ ಒಂದು ಮುಖ ಮುಗಿದದ್ದೇ ತಿಳಿಯದೆ ಇನ್ನೊಂದು ಶುರುವಾಗಿಬಿಡುತ್ತದೆ. ಕೇಳುವಿರಾದರೆ, ಹೆಂಡತಿಯ ಕೊನೆಯ ಹಾಡಾದ ಮೇಲೆ ಒಂದು ನಿಮಿಷ ನಿಲ್ಲಿಸಿ. ಗಂಡನ ಮಾತು ಆಮೇಲೆ ಕೇಳಿ.