ಹದಿನೆಂಟು ರುಜು ಬೇಕಾದ ಕವಿತೆ

ಟಾಮಸ್ ಪೇನ್ ನಮಗೆ ಹೊಸಬನಲ್ಲ. ಜೋತಿಬಾ ಫುಲೆ ಅವನ 'ಮನುಷ್ಯನ ಹಕ್ಕುಗಳು' ಓದಿದ್ದರು. 1873ರಲ್ಲಿ ತಮ್ಮ 'ಗುಲಾಮಗಿರಿ'ಯನ್ನು, ಕರಿಯರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೇ ಅರ್ಪಿಸಿದರು. ಹಾಗಾಗಿ ಆ ದೇಶದ ವೈಚಾರಿಕ ಯುಗದ ಸಾಹಿತ್ಯ ಇಂಗ್ಲಿಷ್ ಎಂ.ಎ. ಪರೀಕ್ಷೆಯ ಪ್ರಶ್ನೆ ಮಾತ್ರವಲ್ಲ, ನಾವೂ ಕೈಹಾಕಿ ನೋಡಬೇಕಾದ್ದು.

ತರಗತಿಯಲ್ಲಿ ನಮಗೆ ಹೇಳಿದ್ದು ಇಷ್ಟು: ದೇವರ ಹೆಸರಿನ ಅಧಿಕಾರ, ರಾಜನ ಅಧಿಕಾರ, ಹುಟ್ಟಿನ ಅಧಿಕಾರ ಎಲ್ಲವನ್ನೂ ಮನುಷ್ಯನ ವಿವೇಚನೆಯ ಮುಂದೆ ನಿಲ್ಲಿಸಿ ಲೆಕ್ಕ ಕೇಳಿದ ಕಾಲ ಅದು. ಫ್ರಾಂಕ್ಲಿನ್, ಪೇನ್, ಜೆಫರ್ಸನ್. 1776ರ ಜನವರಿಯಲ್ಲಿ ಪೇನನ 'ಕಾಮನ್ ಸೆನ್ಸ್' ಬಂತು, ಜನಸಾಮಾನ್ಯರಿಗೆ ತಿಳಿಯೋ ಮಾತಲ್ಲೇ ಅರಸೊತ್ತಿಗೆಯ ಮಾನ ಕಳೆಯಿತು. ಜುಲೈನಲ್ಲಿ ಜೆಫರ್ಸನ್ ಕರಡು ಬರೆದ ಸ್ವಾತಂತ್ರ್ಯ ಘೋಷಣೆ ಮನುಷ್ಯರೆಲ್ಲ ಸಮಾನರು ಎಂದು ಸಾರಿತು. ಇದೇನು ಸಣ್ಣ ಮಾತಲ್ಲ. ಆದರೆ ಪಾಠ ಅಲ್ಲಿಗೇ ಮುಗಿದುಹೋಯಿತು. ಪಾಠದಲ್ಲಿ ಬಾರದ ಒಬ್ಬ ಹುಡುಗಿಯ ಮಾತು ಇಲ್ಲಿ ಹೇಳಬೇಕು.

1761ರಲ್ಲಿ 'ಫಿಲಿಸ್' ಎಂಬ ಹಡಗು ಪಶ್ಚಿಮ ಆಫ್ರಿಕಾದಿಂದ ಗುಲಾಮರನ್ನು ತುಂಬಿಕೊಂಡು ಬಾಸ್ಟನ್ನಿಗೆ ಬಂತು. ಅದರಲ್ಲೊಂದು ಮಗು. ಮುಂದಿನ ಹಾಲುಹಲ್ಲು ಬಿದ್ದಿದ್ದರಿಂದ ಏಳೆಂಟು ವರ್ಷ ಇರಬಹುದು ಅಂತ ಅಂದಾಜು ಮಾಡಿದರು. ದನದ ಜಾತ್ರೆಯಲ್ಲಿ ಬಾಯಿ ಬಿಡಿಸಿ ನೋಡ್ತಾರಲ್ಲ, ಹಂಗೆ. ಕೊಂಡವನು ವೀಟ್ಲಿ. ಹಡಗಿನ ಹೆಸರೂ ಯಜಮಾನನ ಹೆಸರೂ ಸೇರಿ ಅವಳು ಫಿಲಿಸ್ ವೀಟ್ಲಿ ಆದಳು. ಹೆತ್ತವರು ಇಟ್ಟ ಹೆಸರು ಯಾರಿಗೂ ಗೊತ್ತಿಲ್ಲ.

ಕೆಲವೇ ವರ್ಷಗಳಲ್ಲಿ ಇಂಗ್ಲಿಷ್ ಕಲಿತು, ಲ್ಯಾಟಿನ್ ಕಲಿತು, ಪೋಪ್ ಕವಿಯ ಜೋಡಿಪ್ರಾಸದ ಧಾಟಿಯಲ್ಲಿ ಬರೆದಳು. 1773ರಲ್ಲಿ ಅವಳ ಸಂಕಲನ ಲಂಡನ್ನಿನಲ್ಲಿ ಅಚ್ಚಾಯಿತು. ಪುಸ್ತಕ ತೆರೆದರೆ ಪದ್ಯಕ್ಕಿಂತ ಮೊದಲು ಒಂದು ಸರ್ಟಿಫಿಕೇಟು! ಇವು ಈ ಹುಡುಗಿಯೇ ಬರೆದ ಪದ್ಯಗಳೆಂದು ನಾವು ನಂಬುತ್ತೇವೆ ಅಂತ ಬಾಸ್ಟನ್ನಿನ 18 ಜನ ದೊಡ್ಡಮನುಷ್ಯರ ರುಜು. ಅದರಲ್ಲಿ ಗವರ್ನರ್ ಹಚಿನ್ಸನ್ ಇದ್ದಾನೆ. ಮೂರೇ ವರ್ಷಕ್ಕೆ ಸ್ವಾತಂತ್ರ್ಯ ಘೋಷಣೆಗೂ ರುಜು ಹಾಕಿದ ಜಾನ್ ಹ್ಯಾನ್‌ಕಾಕ್ ಇದ್ದಾನೆ. ಪಿಯುಸಿಯಲ್ಲಿ ನನ್ನ ಮೊದಲ ಪದ್ಯ ತೋರಿಸಿದಾಗ ಮೇಷ್ಟ್ರೊಬ್ಬರು, "ನೀನೇ ಬರೆದ್ಯೇನೋ, ಎಲ್ಲಿಂದಾನಾ ಇಳಿಸ್ದ್ಯೋ?" ಅಂದಿದ್ರು. ಪುಣ್ಯಕ್ಕೆ ರುಜು ಕೇಳಲಿಲ್ಲ.

ತೊಡಕು ಇರೋದು ಇಲ್ಲೇ. ವಿವೇಚನೆಯೇ ಮನುಷ್ಯನ ಗುರುತು ಅಂದಮೇಲೆ, ಅದು ಇವನಲ್ಲಿದೆ, ಅವನಲ್ಲಿಲ್ಲ ಅಂತ ತೀರ್ಪು ಕೊಡುವವರು ಯಾರು? 1785ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ಜೆಫರ್ಸನ್ನನ 'ವರ್ಜೀನಿಯಾ ಟಿಪ್ಪಣಿಗಳು' ಈ ತೀರ್ಪಿನ ಪುಸ್ತಕ. ಮಣ್ಣು, ನದಿ, ಪ್ರಾಣಿ ವರ್ಣಿಸಿದ ಕೈಯಲ್ಲೇ ಕರಿಯರನ್ನೂ ಅಳೆಯುತ್ತಾನೆ. ನೆನಪಿನಲ್ಲಿ ಬಿಳಿಯರಿಗೆ ಸಮ, ವಿವೇಚನೆಯಲ್ಲಿ ಕೀಳು. ಸಂಕಟ ಬೇಕಾದಷ್ಟಿದೆ, ಕಾವ್ಯ ಇಲ್ಲ. ವೀಟ್ಲಿಯ ಪದ್ಯಗಳು ವಿಮರ್ಶೆಗೂ ತಕ್ಕವಲ್ಲವಂತೆ. ಪುಣ್ಯಾತ್ಮ ಅವಳ ಹೆಸರನ್ನೂ ಸರಿಯಾಗಿ ಬರೆದಿಲ್ಲ. ರೋಮಿನಲ್ಲೂ ಗುಲಾಮರಿದ್ದರು, ಅವರಲ್ಲಿ ಎಪಿಕ್ಟೆಟಸ್, ಟೆರೆನ್ಸ್ ಹುಟ್ಟಿದರು, ಅವರು ಬಿಳಿಯರು ಎಂದು ವಾದಿಸುತ್ತಾನೆ. ಕೊನೆಗೆ, ಇದು ಬರೀ ನನ್ನ ಅನುಮಾನ ಅಂತ ನುಣುಚಿಕೊಳ್ಳುತ್ತಾನೆ. ಶಾಸ್ತ್ರ ಹೇಳಿದೆ ಅಂದಿದ್ದರೆ ಶಾಸ್ತ್ರವನ್ನು ಸುಡಬಹುದಿತ್ತು. ವಿಜ್ಞಾನದ ವಿನಯ ಹೊದ್ದು ಬಂದ ಅನುಮಾನವನ್ನು ಏನು ಮಾಡೋದು?

ವೀಟ್ಲಿಯ ಪದ್ಯ ಕಟ್ಟುನಿಟ್ಟಾದದ್ದು, ಎರವಲಿನ ಅಂಗಿ ಅದು, ನಿಜ. ಆಫ್ರಿಕಾದಿಂದ ಇಲ್ಲಿಗೆ ಬಂದದ್ದೇ ದೇವರ ದಯೆ ಎಂಬ ಅವಳ ಪದ್ಯ ನನಗೂ ನುಂಗಲಾರದ ತುತ್ತು. 1960ರ ದಶಕದ ಕರಿಯ ಲೇಖಕರು ಅವಳನ್ನು ಜರೆದದ್ದು ಇದಕ್ಕೇ. ಆದರೆ ಡಾರ್ಟ್‌ಮತ್ ಎಂಬ ಬ್ರಿಟಿಷ್ ಮಂತ್ರಿಗೆ ಬರೆದ ಪದ್ಯ ಓದಿ ನೋಡಿ. ನನಗೆ ಸ್ವಾತಂತ್ರ್ಯದ ಮೇಲೆ ಈ ಪ್ರೀತಿ ಎಲ್ಲಿಂದ ಬಂತು ಗೊತ್ತೇ ಎಂದು ಕೇಳಿ, ಮಗುವನ್ನು ಕಿತ್ತುಕೊಂಡಾಗ ತನ್ನ ಅಪ್ಪನ ಎದೆಯಲ್ಲಿ ಎದ್ದ ನೋವನ್ನು ನೆನೆಯುತ್ತಾಳೆ. ಜೆಫರ್ಸನ್ನನ ಸ್ವಾತಂತ್ರ್ಯ ತತ್ತ್ವದಿಂದ ಇಳಿದು ಬಂದದ್ದು, ಇವಳದ್ದು ಅಪ್ಪನಿಂದ. ಕಾವ್ಯ ಇಲ್ಲ ಅಂದವನಿಗೆ ಕಿವಿ ಇತ್ತೇ ಅಂತ ನನ್ನ ಅನುಮಾನ! 1784ರಲ್ಲಿ ಬಡತನದಲ್ಲಿ ಸತ್ತಳು. ಎರಡನೇ ಸಂಕಲನದ ಹಸ್ತಪ್ರತಿ ಕಳೆದುಹೋಯಿತು.

ಗಣಿತ ಬಲ್ಲ ಸ್ವತಂತ್ರ ಕರಿಯ ಬೆಂಜಮಿನ್ ಬ್ಯಾನೆಕರ್ 1791ರಲ್ಲಿ ತಾನೇ ಲೆಕ್ಕಹಾಕಿದ ಪಂಚಾಂಗವನ್ನು ಜೆಫರ್ಸನ್ನನಿಗೆ ಕಳಿಸಿದ, ಜೊತೆಗೊಂದು ಕಾಗದ. ಘೋಷಣೆಯ ಮಾತನ್ನೇ ಎತ್ತಿ, ಇದನ್ನು ಬರೆದ ನೀವೇ ನನ್ನ ಅಣ್ಣತಮ್ಮಂದಿರನ್ನು ಗುಲಾಮರಾಗಿ ಇಟ್ಟುಕೊಂಡಿದ್ದೀರಲ್ಲ ಎಂದು ಕೇಳಿದ. ಜೆಫರ್ಸನ್ ಸೌಜನ್ಯದ ಉತ್ತರ ಬರೆದ. 1809ರಲ್ಲಿ ಗೆಳೆಯನಿಗೆ ಬರೆಯುವಾಗ ಮಾತ್ರ, ಆ ಲೆಕ್ಕಕ್ಕೆ ಬಿಳಿಯನೊಬ್ಬನ ಸಹಾಯ ಸಿಕ್ಕಿರಬಹುದು ಅಂದ. ಸಾಕ್ಷಿ ಕೇಳುವವನಿಗೆ ಯಾವ ಸಾಕ್ಷಿಯೂ ಸಾಲದು.

ಇದು ಅರ್ಥವಾದದ್ದು ಡೇವಿಡ್ ವಾಕರ್‌ಗೆ. ಬಾಸ್ಟನ್ನಿನಲ್ಲಿ ಹಳೇ ಬಟ್ಟೆ ಅಂಗಡಿ ಇಟ್ಟಿದ್ದವನು. 1829ರಲ್ಲಿ ಅವನು ಅಚ್ಚುಹಾಕಿಸಿದ 'ಅಪೀಲು' ಜೆಫರ್ಸನ್ನನಿಗೆ ಅರ್ಜಿ ಹಾಕುವುದಿಲ್ಲ, ತನ್ನ ಜನಕ್ಕೆ ಮಾತಾಡುತ್ತದೆ. ನಾವಿಕರ ಕೈಯಲ್ಲಿ ಅದು ದಕ್ಷಿಣದ ಬಂದರುಗಳಿಗೆ ಹೋಯಿತು, ಜಾರ್ಜಿಯಾದಂಥ ರಾಜ್ಯಗಳು ಬೆಚ್ಚಿ ಕಾನೂನು ಬಿಗಿ ಮಾಡಿದವು. ಬಿಳಿಯ ಗೆಳೆಯರು ಜೆಫರ್ಸನ್ನನಿಗೆ ಉತ್ತರ ಕೊಟ್ಟರೆ ಸಾಲದು, ನಾವೇ ಕೊಡಬೇಕು ಅನ್ನುತ್ತಾನೆ ವಾಕರ್. ಅದಕ್ಕೆ ದಾರಿಯನ್ನೂ ಹೇಳುತ್ತಾನೆ: ಒಬ್ಬೊಬ್ಬ ಅಪ್ಪನೂ ಜೆಫರ್ಸನ್ನನ ಆ 'ಟಿಪ್ಪಣಿಗಳು' ಪುಸ್ತಕವನ್ನೇ ಕೊಂಡು ತಂದು ಮಗನ ಕೈಗೆ ಕೊಡಲಿ.